ಎರಡ ಸೀಟಿನ ಗಾಡಿಗೆ ಇಷ್ಟ್ಯಾಕ ಮಾತು?

ಹೋದ ಸಲ ಕೆಂಪು ಖಾರ ವರ್ಷಗಟ್ಟಲೆ ಹುಳಾ ಬೀಳದಂಗ ಇಡೂದು ಹೆಂಗ ಅಂತ ಬರದಿದ್ದೆ. ಈ ಸಲ ಮಸಾಲಿ ಖಾರ ಬರೀತೀನಿ ಅಂತ ಮಾತು ಕೊಟ್ಟಿದ್ದೆ. ಅದು ಮುಂದಿನ ಸಲಕ್ಕ ಇರ್ಲಿ. ಈ ಸಲದ ಖಾರ ಬ್ಯಾರೇನ ಅದ.

ಹೋದ ತಿಂಗಳು ಹುಬ್ಬಳ್ಳ್ಯಾಗ ಒಂದು ಕುಬಸಕ್ಕ ಹೋಗಿದ್ದೆ. ಊಟಕ್ಕ ಕೂತಾಗ ನನ್ನ ಮಗಳ ಮಾತು ಬಂತು. ಅಕಿ ಅಮೆರಿಕಾದ ಮಿಷಿಗನ್ ರಾಜ್ಯದಾಗ, ಡೆಟ್ರಾಯ್ಟ್ ಊರಿನ ಬಾಜೂಕ ಇರ್ತಾಳ ಅಂತ ನಿಮಗೆಲ್ಲಾ ಗೊತ್ತದ. ಹೋದ ವರ್ಷ ಅಕಿ ತನ್ನ ಪಗಾರದ ರೊಕ್ಕದಾಗ ಒಂದು ಹಳೇ ಗಾಡಿ ತಗೊಂಡ್ಳು. ಅರಿವಿ ಚಾವಣಿ, ಬೇಕಂದಾಗ ಹಿಂದ ಮಡಚಿ ಇಡೂದು. ಎರಡ ಸೀಟು. ಹಿಂದಿನ ಗಾಲಿಗೆ ಶಕ್ತಿ ಹೋಗೂ ಸ್ಪೋರ್ಟ್ಸ್ ಕಾರು. ಮಜ್ದಾ ಕಂಪನಿದು, ಎಂಎಕ್ಸ್-5 ಅಂತ ಹೆಸರು, ಅಲ್ಲೆ ಎಲ್ಲಾರೂ ಮಿಯಾಟಾ ಅಂತಾರ. ಅದರ ಫೋಟೋ ನಾನ ಎಲ್ಲಾರಿಗೂ ಕಳಸಿದ್ದೆ, ಆ ತಪ್ಪು ನಂದ.

ಎಲಿ ಮ್ಯಾಲೆ ಹೋಳಿಗಿ ಬೀಳೂದರಾಗ ಮೂರು ಮಾತು ಬಿದ್ವು. ಒಬ್ಬರು, “ಅಮೆರಿಕಾಕ್ಕ ಹೋಗಿ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೂ ಗತಿ ಬಂತೇನು?” ಅಂದ್ರು. ಇನ್ನೊಬ್ಬರು, “ತಲಿ ಮ್ಯಾಲೆ ಚಾವಣಿ ಇಲ್ಲದ ಗಾಡಿಗೆ ಯಾರರೆ ರೊಕ್ಕ ಹಾಕ್ತಾರೇನ್ರೀ?” ಅಂದ್ರು. ಮೂರನೇದವರು ನಕ್ಕೋತ, “ಎರಡ ಸೀಟಿನ ಗಾಡಿ ತಗೊಂಡಾಳಂದ್ರ ಮೂರನೇದ್ದರ ವಿಚಾರ ಬಿಟ್ಟಂಗ ಆತಲ್ಲಾ” ಅಂದ್ರು. ಹೆಸರು ಬರಿಯೂದಿಲ್ಲ. ಇದನ್ನ ಓದ್ತಾರ, ಅವರಿಗೇ ಗೊತ್ತಾಗ್ತದ.

ನಾ ಸುಮ್ಮ ಕೂತೆ. ಕುಬಸದ ಮನಿ, ಬಸರಿ ಹುಡುಗಿ ಎದುರು ಜಗಳ ಬ್ಯಾಡ ಅಂತ. ಆದ್ರ ಸುಮ್ಮ ಕೂತಾಳಂದ್ರ ಒಪ್ಪ್ಯಾಳ ಅಂತ ಯಾರೂ ತಿಳಕೋಬ್ಯಾಡ್ರಿ. ನಾ ಹೇಳೂದು ಇಷ್ಟ: ಇಷ್ಟಪಟ್ಟು ತಗೊಂಡ ವಸ್ತುವಿನಿಂದ ಯಾರ ಮನಿಯೂ ಮುಳುಗೂದಿಲ್ಲ, ಬಗ್ಗಿ ನೋಡದ ತಗೊಂಡ ವಸ್ತುವಿನಿಂದ ಮುಳುಗ್ತದ. ನನ್ನ ಮಗಳು ಬಗ್ಗಿ ನೋಡ್ಯಾಳ. ಅಕಿ ಜೋಡಿ ನಾನೂ ಬಗ್ಗಿ ನೋಡೀನಿ, ಈ ಮೊಣಕಾಲ ನೋವು ಇಟಗೊಂಡು.

ಅದಕ್ಕೂ ಮೊದಲ ನಂದೊಂದು ತಪ್ಪು ಒಪ್ಕೊಂಡಬಿಡ್ತೀನಿ. ಹೋದ ವರ್ಷ ಏಪ್ರಿಲ್‌ದಾಗ ನಾ ಅಲ್ಲೆ ಹೋದ ಎರಡನೇ ವಾರ, ರಾತ್ರಿ ಊಟಕ್ಕ ಕೂತಾಗ ಮಗಳು ಫೋನಿನಾಗ ಒಂದು ಕೆಂಪು ಗಾಡಿ ತೋರ್ಸಿ, “ಅವ್ವಾ, ಇಂಥಾದು ತಗೋಬೇಕಂತ ಮಾಡೀನಿ” ಅಂದ್ಳು. ನಾ ಹಿಂದ ಮುಂದ ನೋಡದ, “ಎರಡ ಸೀಟ ಅವ ಅಲ್ಲವಾ, ನಾಳೆ ಹೆಂಗ ಮಾಡ್ತಿ?” ಅಂದೆ. ಅಕಿ ಏನೂ ಅನ್ಲಿಲ್ಲ. ಫೋನು ಡಬ್ಬ ಹಾಕಿ, ಮೊಸರು ತರ್ತೀನಿ ಅಂತ ಫ್ರಿಜ್ ಕಡೆ ಎದ್ದು ಹೋದ್ಳು. ಮೊಸರಿನ ಬೋಗಾಣಿ ಆಗಲೇ ನಮ್ಮ ಎದುರಿಗೇ ಇತ್ತು.

ಅವತ್ತಿನಿಂದ ಮೂರು ವಾರ ಗಾಡಿ ಮಾತ ಬರ್ಲಿಲ್ಲ. ಕಡೀಕ ನಾನ ಕೇಳಿದೆ, “ಆ ಕೆಂಪು ಗಾಡಿ ಏನಾತು? ನನಗೂ ಸ್ವಲ್ಪ ತಿಳಿಸಿ ಹೇಳು” ಅಂತ. ಹಿಂಗಾಗಿ ಹುಬ್ಬಳ್ಳ್ಯಾಗ ಆ ಮಾತು ಅಂದವರ ಮ್ಯಾಲೆ ನಾ ಪೂರಾ ಸಿಟ್ಟು ಮಾಡಾಂಗಿಲ್ಲ. ಅದೇ ಮಾತು ಮೊದಲ ನನ್ನ ಬಾಯಾಗ ಬಂದಿತ್ತು. ಆದ್ರ ನಾ ಅದನ್ನ ವಾಪಸ್ ತಗೊಂಡೀನಿ. ನೀವೂ ತಗೋರಿ ಅಂತ ಹೇಳ್ಲಿಕ್ಕೆ ಇಷ್ಟೆಲ್ಲಾ.

ಈಗ ಮೊದಲನೇ ಮಾತು, ಸೆಕೆಂಡ್ ಹ್ಯಾಂಡ್. ನಿಮ್ಮ ಕೈಯಾಗಿನ ಪಾಟ್ಲಿ ಎಷ್ಟ ಕೈ ದಾಟಿ ಬಂದಾವ ಹೇಳ್ರಿ ನೋಡೋಣ. ಅಜ್ಜಿ ಸರಾ ಕರಗಿಸಿ ಅವ್ವನ ಬಿಲ್ವಾರ, ಅದನ್ನ ಕರಗಿಸಿ ನಿಮ್ಮ ಪಾಟ್ಲಿ. ಅದಕ್ಕ ಯಾರರೆ ಸೆಕೆಂಡ್ ಹ್ಯಾಂಡ್ ಅಂತೀರೇನು? ಹೊಸಾ ಗಾಡಿ ಅಂಗಡಿ ಬಾಗಿಲ ದಾಟಿ ರಸ್ತೆಕ್ಕ ಬಂದ್ರ ಸಾಕು, ಅದರ ಬೆಲಿ ಇಳೀತದ. ಮೊದಲಿನ ನಾಲ್ಕೈದು ವರ್ಷದಾಗ ಇಳಿಯೂ ಅಷ್ಟು ಮುಂದ ಇಳಿಯೂದಿಲ್ಲ. ಹದಿನಾರು ವರ್ಷದ ಗಾಡಿ ಬೀಳೂದೆಲ್ಲಾ ಬಿದ್ದ ಮ್ಯಾಲೆ ನಮ್ಮ ಕೈಗೆ ಬರ್ತದ. ಆ ಬೀಳೂ ರೊಕ್ಕ ಯಾರೋ ಮೊದಲನೇ ಮಾಲಕರು ಕಟ್ಟ್ಯಾರ. ಅಲ್ಲೆ ನಮ್ಮವರ ಹುಡುಗರು ದೊಡ್ಡ ದೊಡ್ಡ ಎಸ್‌ಯುವಿ ತಗೊಂಡು 72 ತಿಂಗಳ ಕಂತು ಕಟ್ತಾರ. ಅದು ತಪ್ಪಂತ ನಾ ಅನ್ನೂದಿಲ್ಲ. ಆದ್ರ ಆರು ವರ್ಷದ ಸಾಲಕ್ಕ “ಛಲೋ ಮಾಡಿದಿ” ಅಂತೀರಿ, ಕೈಯಾಗಿನ ರೊಕ್ಕ ಕೊಟ್ಟು ಸಾಲ ಇಲ್ಲದ ತಗೊಂಡ ಗಾಡಿಗೆ “ಏನ ಗತಿ” ಅಂತೀರಿ. ಈ ಲೆಕ್ಕಾ ನನಗ ತಿಳಿಯವಲ್ದು.

ಇನ್ನ ಯಾವ ಗಾಡಿ ಅನ್ನೂದು. ಮಿಯಾಟಾ ಅಂದ್ರ ಸುಮ್ಮನ ಹುಚ್ಚಿಗೆ ಆರಿಸಿದ್ದಲ್ಲ. ಇದನ್ನ ಜಪಾನಿನ ಹಿರೋಶಿಮಾದಾಗ ಮಾಡ್ತಾರ. 1989ರಾಗ ಶಿಕಾಗೋ ಆಟೋ ಶೋದಾಗ ಮೊದಲ ಸಲ ತೋರಿಸಿದ್ರು. 1960ರ ಕಾಲದ ಇಂಗ್ಲೆಂಡಿನ ಸಣ್ಣ ಸಣ್ಣ ತೆರೆದ ಗಾಡಿ ನೋಡ್ಲಿಕ್ಕೆ ಚೆಂದ, ಆದ್ರ ದಿನಾ ಒಂದು ರಿಪೇರಿ. ಹಂಗ ಚೆಂದ ಇರ್ಬೇಕು, ಮುಂಜಾನೆ ಎದ್ದು ಕೀಲಿ ತಿರುವಿದ್ರ ಚಾಲೂನೂ ಆಗ್ಬೇಕು ಅಂತ ಮಾಡಿದ್ದು ಇದು. 2016ರಾಗ ಹತ್ತು ಲಕ್ಷದ ಗಾಡಿ ಕಾರ್ಖಾನಿಯಿಂದ ಹೊರಗ ಬಂತು. ಎರಡ ಸೀಟಿನ ತೆರೆದ ಸ್ಪೋರ್ಟ್ಸ್ ಕಾರಿನಾಗ ಜಗತ್ತಿನಾಗೇ ಹೆಚ್ಚು ಮಾರಾಟ ಆಗಿದ್ದು ಇದು ಅಂತ ಗಿನ್ನೆಸ್ ಪುಸ್ತಕದಾಗ ಅದ. ನಮಗೇನು ಅದರಿಂದ ಅಂದ್ರ, ಹತ್ತು ಲಕ್ಷ ಗಾಡಿ ಇದ್ದಲ್ಲೆ ಬಿಡಿ ಭಾಗ ಸಿಗ್ತಾವ, ರಿಪೇರಿ ಗೊತ್ತಿದ್ದವರು ಸಿಗ್ತಾರ. ಅಪರೂಪದ ಮಿಕ್ಸರ್ ತಗೊಂಡು ಜಾರ್ ಒಡದ ಮ್ಯಾಲೆ ಊರೆಲ್ಲಾ ತಿರುಗಿದವರಿಗೆ ಈ ಮಾತು ತಿಳೀತದ.

ಹಿಂದಿನ ಗಾಲಿ ಯಾಕ ಬೇಕು ಅಂತ ನಾನೂ ಕೇಳಿದ್ದೆ. ಮಗಳು ಎಂಜಿನ್ನು, ತೂಕ, ತಿರುವು ಅಂತ ಏನೇನೋ ಹೇಳಿದ್ಳು. ನನಗ ತಿಳಿದಿದ್ದು ಹಿಂಗ. ರುಬ್ಬೂ ಕಲ್ಲಿನ ಮುಂದ ಕೂತಾಗ ಒಂದ ಕೈಲೆ ಗುಂಡು ತಿರುವ್ತೀವಿ, ಇನ್ನೊಂದ ಕೈಲೆ ಹಿಟ್ಟು ಒಳಗ ದೂಡ್ತೀವಿ. ಎರಡೂ ಕೆಲಸ ಒಂದ ಕೈಲೆ ಮಾಡು ಅಂದ್ರ ಮಾಡಬಹುದು, ಆದ್ರ ಕೈ ಎಳೀತದ. ಈಗಿನ ಬಹಳಷ್ಟು ಸಣ್ಣ ಗಾಡ್ಯಾಗ ಮುಂದಿನ ಗಾಲಿನ ಎಳಿಯೂ ಕೆಲಸಾನೂ ಮಾಡ್ತಾವ, ತಿರುಗೂ ಕೆಲಸಾನೂ ಮಾಡ್ತಾವ. ಈ ಗಾಡ್ಯಾಗ ಹಿಂದಿನವು ದೂಡ್ತಾವ, ಮುಂದಿನವು ಬರೇ ತಿರುಗ್ತಾವ. ಇದೇನು ಹೊಸಾದಲ್ಲ. ನಮ್ಮ ಮಾವನವರ ಅಂಬಾಸಿಡರ್, ಎದುರು ಮನಿಯವರ ಪದ್ಮಿನಿ ಎರಡೂ ಹಿಂದಿನ ಗಾಲಿಯವೇ ಇದ್ವು. ಮಾರುತಿ 800 ಬಂದ ಮ್ಯಾಲೆ ನಮ್ಮಲ್ಲೆ ಮುಂದಿನ ಗಾಲಿ ರೂಢಿ ಆತು.

ಒಂದು ಮಾತು ನೆನಪ ಇಟ್ಟುಕೋರಿ. ಚಾವಣಿ ಮಡಚೂ ಗಾಡಿ ಎಲ್ಲಾ ಹಿಂದಿನ ಗಾಲಿಯವು ಅಲ್ಲ. ಫೋಕ್ಸ್‌ವ್ಯಾಗನ್‌ದ ನ್ಯೂ ಬೀಟಲ್, ಕ್ರೈಸ್ಲರ್ ಸೆಬ್ರಿಂಗ್, ಮಿತ್ಸುಬಿಷಿ ಎಕ್ಲಿಪ್ಸ್ ಸ್ಪೈಡರ್ ಇವೆಲ್ಲಾ ಮುಂದಿನ ಗಾಲಿಯವು. ಬರೇ ಗಾಳಿ ಬೇಕು, ಬಿಸಲು ಬೇಕು ಅನ್ನೂವರಿಗೆ ಅವೂ ನಡೀತಾವ. ಓಡಸೂದರ ಖುಷಿ ಬೇಕು ಅನ್ನೂವರು ಮಾತ್ರ ಕೇಳಿ ತಗೋಬೇಕು.

ಅದೇ ರೊಕ್ಕಕ್ಕ ದೊಡ್ಡ ಹೆಸರಿನ ಗಾಡೀನೂ ಸಿಗ್ತಿದ್ವು. ಹಳೇ ಬಿಎಂಡಬ್ಲ್ಯು ಜೀ3, ಮೊದಲನೇ ಪೀಳಿಗಿ ಪೋರ್ಷೆ ಬಾಕ್ಸ್‌ಸ್ಟರ್. ಅಳಿಯಗ ಪೋರ್ಷೆ ಮ್ಯಾಲೆ ಮನಸು ಇತ್ತು. “ಪೋರ್ಷೆ ಅದ ನೋಡ್ರಿ ಅತ್ತಿ, ಇಷ್ಟ ಸಸ್ತಾ!” ಅಂತ ನನಗೂ ತೋರಿಸಿದ. ಮಗಳು ಒಪ್ಲಿಲ್ಲ. ಗಾಡಿ ಬೆಲಿ ಇಳದದ, ಅದರ ಬಿಡಿ ಭಾಗದ ಬೆಲಿ ಇಳದಿಲ್ಲ, ಮೆಕ್ಯಾನಿಕ್‌ನ ಕೂಲಿನೂ ಇಳದಿಲ್ಲ ಅಂದ್ಳು. ಆ ಕಾಲದ ಬಾಕ್ಸ್‌ಸ್ಟರ್‌ನ ಎಂಜಿನ್ ಒಳಗ ಐಎಂಎಸ್ ಅಂತ ಒಂದು ಬೇರಿಂಗ್ ಇರ್ತದಂತ, ಅದು ಒಡದ್ರ ಎಂಜಿನ್ನೇ ಹೋಗ್ತದ. ಹೋಂಡಾ ಎಸ್2000 ಛಲೋ ಗಾಡಿ, ಆದ್ರ ಅದನ್ನ ಸಂಗ್ರಹ ಮಾಡೂವರು ಬೆಲಿ ಏರಿಸಿಬಿಟ್ಟಾರ. ಪೊಂಟಿಯಾಕ್ ಸಾಲ್‌ಸ್ಟಿಸ್ ಅಂತ ಒಂದು ಚೆಂದದ್ದು ಇತ್ತು, ಪೊಂಟಿಯಾಕ್ ಅನ್ನೂ ಹೆಸರೇ 2010ರಾಗ ಮುಚ್ಚಿಹೋತು. ಜರ್ಸಿ ಆಕಳ ತಗೊಳ್ಳೂ ಮುಂದ ಸಂತ್ಯಾಗಿನ ಬೆಲಿ ಕೇಳಿದ್ರ ಸಾಲ್ದು, ದಿನಾ ಎಷ್ಟು ಹಿಂಡಿ ತಿಂತದ ಅಂತ ಕೇಳ್ಬೇಕು.

ಲೆಕ್ಕಾನೂ ಹೇಳ್ತೀನಿ, ಯಾಕಂದ್ರ “ಎಷ್ಟಾತು?” ಅಂತ ಎಲ್ಲಾರ ಮನಸಿನಾಗೂ ಅದ. ಒಟ್ಟು 10,000 ಡಾಲರ್ ಅಕಿ ಬ್ಯಾರೆ ತಗದಿಟ್ಟಿದ್ಳು. “ಗಾಡಿಗೆ 7,000 ಮ್ಯಾಲೆ ಕೊಡೂದಿಲ್ಲ, ಉಳದದ್ದು ಟ್ಯಾಕ್ಸಿಗೆ, ಮೊದಲನೇ ವರ್ಷದ ರಿಪೇರಿಗೆ” ಅಂತ ಬರದು ಫ್ರಿಜ್ ಬಾಗಿಲಿಗೆ ಅಂಟಿಸಿದ್ಳು. ಇದು ದೊಡ್ಡ ಮಾತು ನೋಡ್ರಿ. ಹತ್ತು ಇದ್ದವರು ಹತ್ತರ ಗಾಡಿ ತಗೊಂಡು, ಮರು ತಿಂಗಳು ಟೈರಿಗೆ ಸಾಲ ಮಾಡ್ತಾರ. ಹಳೇ ಗಾಡಿ ತಗೊಂಡ ದಿನ ಖರ್ಚು ಮುಗಿಯೂದಿಲ್ಲ. ಸೀರಿ ತಗೊಂಡ ಮ್ಯಾಲೆ ಫಾಲ್ ಹಚ್ಚಬೇಕು, ಜಂಪರ ಹೊಲಿಸಬೇಕು, ಅದನ್ನ ಮೊದಲ ತಗದಿಡೂದಿಲ್ಲೇನು ನಾವು?

ಇನ್ಶೂರೆನ್ಸ್ ಎಷ್ಟು ಬೀಳ್ತದ ಅಂತ ಗಾಡಿ ನೋಡ್ಲಿಕ್ಕೆ ಹೋಗೂಕಿಂತ ಮೊದಲ ಫೋನ್ ಮಾಡಿ ಕೇಳಿದ್ಳು. ಮಿಷಿಗನ್‌ದಾಗ ಇನ್ಶೂರೆನ್ಸ್ ತುಟ್ಟಿ. ಸ್ಪೋರ್ಟ್ಸ್ ಕಾರು ಅಂದ್ರ ಇನ್ನೂ ಏರಿಸ್ತಾರೇನು ಅಂತ ನನಗ ಅಂಜಿಕಿ ಇತ್ತು. ಅಕಿ ವಯಸ್ಸಿಗೆ, ಅಪಘಾತ ಇಲ್ಲದ ದಾಖಲೆಗೆ, ವರ್ಷಕ್ಕ ಕಡಿಮಿ ಓಡಸ್ತೀನಿ ಅಂದಿದ್ದಕ್ಕ ಸುಮಾರಾಗೇ ಬಂತು. ಇದನ್ನ ಮೊದಲ ಕೇಳದವರು ಗಾಡಿ ತಗೊಂಡ ಮ್ಯಾಲೆ ಅಳ್ತಾರ.

ಈಗ ಮುಖ್ಯ ಮಾತಿಗೆ ಬರ್ತೀನಿ: ಜಂಗು. ಡೆಟ್ರಾಯ್ಟ್ ಅಂದ್ರ ಅಮೆರಿಕಾದ ಗಾಡಿ ಊರು ಅಂತ ಎಲ್ಲಾರಿಗೂ ಗೊತ್ತು. ಆ ಊರಿನ ಬುಡದಾಗ, ಸುಮಾರು 1,200 ಅಡಿ ಕೆಳಗ, ಉಪ್ಪಿನ ಗಣಿ ಅದ ಅಂತ ನನಗ ಅಲ್ಲೆ ಹೋದ ಮ್ಯಾಲೆ ತಿಳೀತು. ಚಳಿಗಾಲದಾಗ ಬರ್ಫ ಕರಗಲಿ ಅಂತ ಆ ಉಪ್ಪು ರಸ್ತೆಕ್ಕ ಸುರೀತಾರ. ಮ್ಯಾಲೆ ಗಾಡಿ ಮಾಡ್ತಾರ, ಕೆಳಗಿಂದ ಗಾಡಿ ತಿನ್ನೂ ಉಪ್ಪು ತಗೀತಾರ. ಕಬ್ಬಿಣದ ಹಂಚಿಗೆ ಉಪ್ಪಿನ ನೀರು ಹಾಕಿ ರಾತ್ರಿ ಬಿಟ್ರ ಮುಂಜಾನೆ ಹೆಂಗ ಆಗಿರ್ತದ ಅಂತ ನಿಮಗ ನಾ ಹೇಳ್ಬೇಕೇನು? ಮತ್ತ ಆ ರಾಜ್ಯದಾಗ ಗಾಡಿ ವರ್ಷಾ ವರ್ಷಾ ತಪಾಸಣಿ ಮಾಡಿಸಬೇಕು ಅನ್ನೂ ಕಾಯ್ದೆ ಇಲ್ಲ. ನಮ್ಮಲ್ಲೆ 15 ವರ್ಷ ಆದ ಮ್ಯಾಲೆ ಆರ್‌ಟಿಓ ಕಡೆ ಫಿಟ್‌ನೆಸ್ ಅಂತರೆ ಹೋಗ್ಬೇಕಾಗ್ತದ. ಅಲ್ಲೆ ಕೊಳ್ಳೂವರ ಕಣ್ಣೇ ತಪಾಸಣಿ.

ಮೊದಲ ನೋಡಿದ್ದು 2003ರ ಗಾಡಿ, ಎರಡನೇ ಪೀಳಿಗಿದು. 5,500 ಡಾಲರ್. ಕುಂಕುಮದಂಥಾ ಕೆಂಪು, ಮಾರೂ ಮನುಷ್ಯಾ ಮೇಣ ಹಚ್ಚಿ ತಿಕ್ಕಿ ಥಳಥಳ ಮಾಡಿ ನಿಲ್ಲಿಸಿದ್ದ. ಅಳಿಯ ಅಲ್ಲೇ ಒಪ್ಪಿದಂಗ ಆಗಿದ್ದ. ನಾನೂ ಕೆಂಪಿಗೆ ಮರುಳಾದೆ, ಸುಳ್ಳ್ಯಾಕ ಹೇಳ್ಲಿ. ಮಗಳು ಮಾತ್ರ ಬ್ಯಾಟರಿ ತಗೊಂಡು ನೆಲಕ್ಕ ಕೂತ್ಳು. ಮನಿಯಿಂದ ಹೊರಡೂ ಮುಂದ ಅಕಿ ಹೇಳಿದಂಗ ಫ್ರಿಜ್ ಮ್ಯಾಲಿನ ಗಣಪತಿ ಮ್ಯಾಗ್ನೆಟ್ ಒಂದನ್ನ ಮೆತ್ತನ್ನ ಅರಿವ್ಯಾಗ ಸುತ್ತಿ ನನ್ನ ಪರ್ಸಿನಾಗ ಇಟ್ಟುಕೊಂಡಿದ್ದೆ. ಬಾಗಿಲ ಕೆಳಗಿನ ಅಂಚಿಗೆ ಹಿಡದೆ. ಮುಂದಿನ ಗಾಲಿ ಕಡೆ ಹತ್ತಿಕೊಂಡ್ತು. ಹಿಂದಿನ ಗಾಲಿ ಕಡೆ ಬಂದಂಗ ಜಾರಿ ಕೆಳಗ ಬಿತ್ತು. ಅಲ್ಲೆ ಕಬ್ಬಿಣನ ಇರ್ಲಿಲ್ಲ. ಜಂಗು ತಿಂದ ತೂತಿಗೆ ಲಪ್ಪ ತುಂಬಿ, ಮ್ಯಾಲೆ ಬಣ್ಣ ಹೊಡದಿದ್ರು.

ಇನ್ನೊಂದು, ಸೀಟು ಮುಂದ ಸರಿಸಿ ಹಿಂದಿನ ಕಾರ್ಪೆಟ್ಟಿಗೆ ಮೂಗು ಹಚ್ಚಿದೆ. ಮಳಿಗಾಲದಾಗ ಟ್ರಂಕಿನ ತಳದಾಗ ಇಟ್ಟ ಹಾಸಿಗಿ ವಾಸನಿ. ಈ ಗಾಡಿಗೆ ಚಾವಣಿ ನೀರು ಇಳಿದು ಹೋಗ್ಲಿಕ್ಕೆ ಸೀಟಿನ ಹಿಂದ ಎರಡು ಸಣ್ಣ ತೂತು ಇರ್ತಾವ. ಅದರಾಗ ಎಲಿ, ಮಣ್ಣು ತುಂಬಿ ಮುಚ್ಚಿಹೋದ್ರ ನೀರು ಒಳಗ ನಿಂತು, ಬಾಗಿಲ ಕೆಳಗಿನ ಪೆಟ್ಟಿಗಿಯಂಥಾ ಭಾಗಕ್ಕ ಇಳಿದು, ಒಳಗಿನಿಂದ ಜಂಗು ಹಿಡೀತದ. ಹೊರಗ ಕಾಣೂ ಹೊತ್ತಿಗೆ ಒಳಗ ಮುಗದಿರ್ತದ. ತಾರಸಿ ಮ್ಯಾಲಿನ ನೀರಿನ ಕೊಳವಿ ತುಂಬಿದ್ರ ಗ್ವಾಡಿ ಹೆಂಗ ಹಸಿ ಆಗ್ತದೋ ಹಂಗ. ನಾವು ಮೂರೂ ಮಂದಿ ನಮಸ್ಕಾರ ಹೇಳಿ ಬಂದ್ವಿ. ಅಳಿಯ ದಾರ್ಯಾಗ ಒಂದೂ ಮಾತಾಡ್ಲಿಲ್ಲ.

ಆಮ್ಯಾಲೆ ಮಗಳು ಅವಸರ ಮಾಡ್ಲಿಲ್ಲ. ಚಾವಣಿ ತೆರೆಯೂ ಗಾಡಿಗೆ ವಸಂತದಾಗ ಬೇಡಿಕಿ, ಬೆಲಿನೂ ಏರ್ತದ. ಚಳಿ ಹತ್ರ ಬಂದಂಗ, ಇಡ್ಲಿಕ್ಕೆ ಜಾಗಾ ಇಲ್ಲದವರು ಮಾರ್ತಾರ. ಆಗಸ್ಟ್ ಮುಗಿಯೂತನಕಾ ಕಾದ್ಳು. ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ಹತ್ರ, ಎರಡೂವರಿ ತಾಸಿನ ದಾರಿ, ಒಬ್ಬಾಕಿ ರಿಟೈರ್ ಆದ ಅಜ್ಜಿ ಕಡೆ ಒಂದು 2008ರ ಗಾಡಿ ಸಿಕ್ತು. ಮೂರನೇ ಪೀಳಿಗಿದು, 84,000 ಮೈಲಿ ಓಡಿದ್ದು. ಬಣ್ಣ ಬೂದಿ, ಮುಂದಿನ ಬಾನೆಟ್ ಮ್ಯಾಲಿನ ಹೊಳಪು ಅಲ್ಲಲ್ಲೆ ಸಿಪ್ಪಿ ಎದ್ದಿತ್ತು. ಅಳಿಯ “ಇದೇನು ಇಷ್ಟ ಕಳಾ ಇಲ್ಲ?” ಅಂದ. ಆದ್ರ ಆ ಅಜ್ಜಿ ಪ್ರತಿ ನವೆಂಬರ್‌ಗೆ ಗ್ಯಾರೇಜಿನಾಗ ಇಟ್ಟು, ಏಪ್ರಿಲ್‌ಗೇ ಹೊರಗ ತಗೀತಿದ್ಳು. ಉಪ್ಪು ಕಂಡೇ ಇರ್ಲಿಲ್ಲ ಗಾಡಿ. ಒಂದು ಬೂಟಿನ ಡಬ್ಬಿ ತುಂಬ ರಸೀದಿ, ಎಣ್ಣಿ ಬದಲಿಸಿದ ತಾರೀಖಿನ ಸಮೇತ. ನಾ ಆ ಡಬ್ಬಿ ನೋಡಿ ಮಗಳಿಗೆ ಕಣ್ಣಿಲೆ ಸನ್ನಿ ಮಾಡಿದೆ. ಕಿರಾಣಿ ಚೀಟಿ ಹಿಂಗ ಇಟ್ಟಾಕಿ ಗಾಡಿನೂ ಹಂಗ ಇಟ್ಟಿರ್ತಾಳ ಅಂತ.

ಅಷ್ಟಕ್ಕ ನಂಬಿ ರೊಕ್ಕ ಕೊಡ್ಲಿಲ್ಲ ಮತ್ತ. ನಿಮ್ಮ ಮಕ್ಕಳಿಗೂ ಬೇಕಾಗಬಹುದು, ಏನೇನು ನೋಡಿದ್ವಿ ಅಂತ ಬರೀತೀನಿ.

ಮೊದಲ ಬಾನೆಟ್ ಮ್ಯಾಲೆ ಕೈ ಇಟ್ವಿ. ತಣ್ಣಗಿರ್ಬೇಕು. ಬಿಸಿ ಇತ್ತಂದ್ರ ನಾವು ಬರೂಕಿಂತ ಮೊದಲ ಚಾಲೂ ಮಾಡಿ ಇಟ್ಟಾರ, ತಣ್ಣನ ಎಂಜಿನ್ನಿನ ಖೋಡಿ ಮುಚ್ಚಿಡ್ತಾರ ಅಂತ ಅರ್ಥ. ಎಣ್ಣಿ ಕಡ್ಡಿ ತಗದು ನೋಡಿದ್ವಿ. ಕಾಗದದ ಮ್ಯಾಲಿನ 17 ಅಕ್ಷರದ ವಿಐಎನ್ ನಂಬರು, ಗಾಜಿನ ಕೆಳಗಿನ ನಂಬರು, ಬಾಗಿಲ ಚೌಕಟ್ಟಿನ ನಂಬರು ಮೂರೂ ತಾಳಿ ಮಾಡಿದ್ವಿ. ಆ ನಂಬರ್ ಹಾಕಿದ್ರ ಕಂಪನಿಯ ಯಾವುದರೆ ಉಚಿತ ರಿಪೇರಿ, ಅಂದ್ರ ರಿಕಾಲ್, ಬಾಕಿ ಅದನೋ ಅಂತ ಸರಕಾರದ ಎನ್‌ಎಚ್‌ಟಿಎಸ್‌ಎ ಜಾಲತಾಣದಾಗ ಪುಕ್ಕಟೆ ಸಿಗ್ತದ. ಮಾಲಕತ್ವದ ಕಾಗದದ ಮ್ಯಾಲೆ “ಸಾಲ್ವೇಜ್” ಅಥವಾ “ರೀಬಿಲ್ಟ್” ಅಂತ ಇದ್ರ ಅದು ಒಂದ ಸಲ ಕೆಟ್ಟು ಗುಜರಿಗೆ ಹೋಗಬೇಕಾಗಿದ್ದ ಗಾಡಿ. ಸಸ್ತಾ ಯಾಕ ಅಂತ ಅಲ್ಲೇ ತಿಳೀತದ.

ಟೈರಿನ ಪಕ್ಕದಾಗ ನಾಲ್ಕು ಅಂಕಿ ಇರ್ತಾವ. 3517 ಅಂದ್ರ 2017ರ 35ನೇ ವಾರ ಮಾಡಿದ್ದು. ಟೈರಿನ ಗೀರು ಚೆಂದ ಇದ್ರೂ ರಬ್ಬರು ಮುಪ್ಪಾಗಿರ್ತದ. ಇದರ ಟೈರು ಹಳೇವು ಇದ್ವು, ಅದನ್ನ ಹೇಳಿ ಬೆಲಿ ಇಳಿಸಿದ್ಳು. ಚಾವಣಿ ಮುಚ್ಚಿ ಆ ಅಜ್ಜಿ ಕಡೆ ಒಂದು ಜಗ್ಗು ನೀರು ಇಸಗೊಂಡು ನಾನ ಮ್ಯಾಲೆ ನಿಧಾನ ಸುರದೆ. ಒಳಗ ಒಂದ ಹನಿ ಬರ್ಲಿಲ್ಲ, ತೂತಿನಿಂದ ಕೆಳಗ ಹರದು ಹೋತು. ಚಾವಣಿ ಹೊಸಾದು ಹಾಕಿಸಬೇಕಂದ್ರ ಸಾವಿರ ಡಾಲರ್ ಮ್ಯಾಲೆ ಬೀಳ್ತದ ಅಂತ ಮೊದಲ ವಿಚಾರಿಸಿದ್ವಿ, ಹಿಂಗಾಗಿ ಆ ಜಗ್ಗಿನ ನೀರಿಗೆ ಭಾಳ ಬೆಲಿ ಇತ್ತು.

ಹಳೇ ಪೀಳಿಗಿ ತಗೊಳ್ಳೂವರು ಇನ್ನೊಂದು ಕೇಳ್ಬೇಕು. ಮೊದಲನೇ ಎರಡು ಪೀಳಿಗಿ ಎಂಜಿನ್ನಿಗೆ ರಬ್ಬರಿನ ಟೈಮಿಂಗ್ ಬೆಲ್ಟ್ ಇರ್ತದ, ಸುಮಾರು 60,000 ಮೈಲಿಗೆ ಒಮ್ಮೆ ಬದಲಿಸಬೇಕು. ಬದಲಿಸಿದ ರಸೀದಿ ಇಲ್ಲಂದ್ರ ಬದಲಿಸಿಲ್ಲ ಅಂತಲೇ ತಿಳೀಬೇಕು. 2006ರ ಮಾಡೆಲ್‌ದಿಂದ ಮೂರನೇ ಪೀಳಿಗಿಗೆ ಚೈನು, ಆ ಖರ್ಚಿಲ್ಲ. ಮೊದಲನೇ ಪೀಳಿಗಿಗೆ ಕಣ್ಣು ಎದ್ದು ಬರೂ ದೀಪ ಇರ್ತಾವ, ನೋಡ್ಲಿಕ್ಕೆ ಮುದ್ದು, ಆದ್ರ ಹಿಂದಿನ ಕಿಡಕಿ ಪ್ಲಾಸ್ಟಿಕ್ಕು, ಬರ್ತಾ ಬರ್ತಾ ಮಬ್ಬಾಗ್ತದ. ಛಲೋ ಇಟ್ಟಿದ್ದಕ್ಕ ಈಗ ಬೆಲಿನೂ ಏರೇದ.

ಕಡೀಕ ನಮಗ ಸಂಬಂಧ ಇಲ್ಲದ ಮೆಕ್ಯಾನಿಕ್ ಕಡೆ ಒಯ್ದು, ಮ್ಯಾಲೆ ಎತ್ತಿಸಿ, ಕೆಳಗ ಪೂರಾ ನೋಡಿಸಿದ್ವಿ. ಅದಕ್ಕ 180 ಡಾಲರ್. ಅಳಿಯ ಅದು ದಂಡ ಅಂದ. ಬಂಗಾರ ಕೊಳ್ಳೂ ಮುಂದ ಹಾಲ್‌ಮಾರ್ಕ್ ನೋಡ್ತೀವಲ್ಲಪ್ಪಾ ಅಂದೆ, ಸುಮ್ಮಾದ. 7,400 ಹೇಳಿದ್ದು 6,800ಕ್ಕ ಆತು. 6 ಪರ್ಸೆಂಟ್ ಟ್ಯಾಕ್ಸ್ 408. ನಾಲ್ಕು ಹೊಸಾ ಟೈರು 620. ಬ್ರೇಕು, ಎಣ್ಣಿ, ಎಲ್ಲಾ ದ್ರವ ಬದಲಿಸಿದ್ದು 410. ಮೆಕ್ಯಾನಿಕ್‌ನ 180 ಹಿಡದು ಒಟ್ಟು 8,418. ಹತ್ತು ಸಾವಿರದಾಗ ಸಾವಿರದ ಐದುನೂರು ಮ್ಯಾಲೆ ಇನ್ನೂ ಡಬ್ಬ್ಯಾಗ ಉಳೀತು. ಇದಕ್ಕ ಹುಡುಗಾಟ ಅನ್ನೂವರು ತಮ್ಮ ಮನಿ ಕಳದ ಲಗ್ನದ ಲೆಕ್ಕದ ವಹಿ ತಗದು ನೋಡ್ಲಿ. ಅದರಾಗ ಎಷ್ಟು ಉಳದಿತ್ತು?

ಎರಡನೇ ಮಾತು, ಚಾವಣಿ. ಇದರಾಗ ಅರ್ಧ ನಾ ಒಪ್ತೀನಿ. ದೊಡ್ಡ ದೊಡ್ಡ ಟ್ರಕ್ಕಿನ ನಡುವ ಈ ಗಾಡಿ ನಮ್ಮ ಚಕ್ಕಡಿ ಬಾಜೂಕ ಸೈಕಲ್ ಇದ್ದಂಗ ಕಾಣ್ತದ. ಅದು ಖರೇ. ಅದಕ್ಕ ಅಕಿ ದಿನಾ ಹೈವೇದಾಗ ಇದನ್ನ ಒಯ್ಯೂದಿಲ್ಲ. ಬರ್ಫದಾಗ ಹಿಂದಿನ ಗಾಲಿ ಜಾರ್ತಾವ, ಅದೂ ಖರೇ. ಚಳಿಗಾಲದ ಟೈರ್ ಹಾಕಿ ಓಡಸೂವರು ಇದ್ದಾರ, ಇಕಿ ನವೆಂಬರ್‌ದಿಂದ ಗ್ಯಾರೇಜಿನಾಗೇ ಇಡ್ತಾಳ. ಮನ್ಯಾಗ ಇನ್ನೊಂದು ಐದು ಸೀಟಿನ ಗಾಡಿ ಇದ್ದದ್ದಕ್ಕ ಇದು ನಡೀತದ. ಒಂದೇ ಗಾಡಿ ಇಡೂವರಿಗೆ, ಅದೂ ಉಪ್ಪು ಬರ್ಫದ ಊರಿನಾಗ, ಇದನ್ನ ತಗೋರಿ ಅಂತ ನಾನೂ ಹೇಳೂದಿಲ್ಲ. ಆದ್ರ ಚಾವಣಿ ಇಲ್ಲ ಅನ್ನಬ್ಯಾಡ್ರಿ. ಅದ, ನೀರು ಸುರದು ನೋಡೀನಿ. ಬೇಕಾದಾಗ ತಗೀಬಹುದು, ಅಷ್ಟ.

ಇನ್ನ ಮೂರನೇ ಮಾತು.

ಆ ವಿಷಯ ಅಕಿದು, ಅಳಿಯಂದು. ದವಾಖಾನಿ ಕಾಗದ ನಾ ಇಲ್ಲೆ ಬಿಚ್ಚೂದಿಲ್ಲ. ಇಷ್ಟ ಹೇಳ್ತೀನಿ, ಇದಕ್ಕೂ ಅಕಿನ್ನ ಕೇಳೀನಿ, ಬರಿ ಅಂದಾಳ. ಮೂರು ವರ್ಷ ಅಕಿ ತನ್ನ ರೊಕ್ಕ, ತನ್ನ ರಜಾ, ತನ್ನ ಮೈ ಎಲ್ಲಾ ಒಂದ ಕಡೆ ಹಾಕಿದ್ಳು. ಆ ಮೂರು ವರ್ಷ ತಿಂಗಳಾ ತಿಂಗಳಾ ಒಂದು ಕ್ಯಾಲೆಂಡರ್ ನೋಡೂದೇ ಅಕಿ ಬದುಕಾಗಿತ್ತು. ಆಮ್ಯಾಲೆ ಒಂದು ದಿನ ಸಾಕು ಅಂದ್ಳು, ಅಥವಾ ಸ್ವಲ್ಪ ದಿನಕ್ಕ ಸಾಕು ಅಂದ್ಳು. ಯಾವುದು ಅಂತ ನಾನೂ ಕೇಳಿಲ್ಲ. ಅದಕ್ಕಂತ ಇಟ್ಟಿದ್ದರಾಗ ಉಳದ ರೊಕ್ಕದಾಗಿನ ಹತ್ತು ಸಾವಿರ ಇದು.

ಈಗ ಹೇಳ್ರಿ. ಇದೇ ರೊಕ್ಕದಾಗ ಅಕಿ ಒಂದು ಜೋಡಿ ಬಳಿ ಮಾಡಿಸಿಕೊಂಡು ಕುಬಸಕ್ಕ ಬಂದಿದ್ರ, “ಭಾಳ ಛಲೋ ಅವ, ಎಷ್ಟು ತೊಲಿ?” ಅಂತಿದ್ರಿ. ಬಳಿಗೆ ಎಷ್ಟು ಸೀಟು ಅಂತ ಯಾರೂ ಕೇಳ್ತಿರ್ಲಿಲ್ಲ. ದೊಡ್ಡ ಏಳು ಸೀಟಿನ ಗಾಡಿ ತಗೊಂಡು ಹಿಂದಿನ ಐದು ಸೀಟು ಖಾಲಿ ಇಟ್ಟುಕೊಂಡು ದಿನಾ ಓಡಸಿದ್ರ ನಿಮಗ ಸಮಾಧಾನ ಆಗ್ತಿತ್ತೇನು? ಆ ಖಾಲಿ ಸೀಟು ಹಿಂದಿನ ಕನ್ನಡಿಯಾಗ ದಿನಾ ನೋಡೂಕಿ ಅಕಿ, ನಾವಲ್ಲ. ನಾಳೆ ಮನ್ಯಾಗ ತೊಟ್ಟಿಲ ಕಟ್ಟೂ ಕಾಲ ಬಂದ್ರ ಐದು ಸೀಟಿನ ಗಾಡಿ ಇದ್ದೇ ಅದ. ಎರಡೂ ಕೂಡಿಸಿದ್ರ ಏಳು ಸೀಟು ಆದ್ವು, ನಿಮ್ಮಲ್ಲೆ ಎಷ್ಟೋ ಮಂದಿ ಮನ್ಯಾಗ ಇದ್ದದ್ದಕ್ಕಿಂತಾ ಹೆಚ್ಚು. ಬರ್ಲಿಲ್ಲ ಅಂದ್ರ ಅಕಿ ತನ್ನ ಗಾಡ್ಯಾಗ ತಾನು ಕೂಡ್ತಾಳ. ಎರಡಕ್ಕೂ ನಿಮ್ಮ ಅಪ್ಪಣಿ ಬೇಕಾಗಿಲ್ಲ, ನಂದೂ ಬೇಕಾಗಿಲ್ಲ.

ನಾ ಊರಿಗೆ ಹೊರಡೂಕಿಂತ ಹಿಂದಿನ ಐತವಾರ ಅಕಿ ನನ್ನ ಕೂಡಿಸಿಕೊಂಡು ಹೋದ್ಳು. ಆನ್ ಆರ್ಬರ್ ಊರಿನ ಹತ್ರ ಹ್ಯುರಾನ್ ನದಿ ದಂಡಿಗುಂಟ ಒಂದು ಅಂಕುಡೊಂಕು ರಸ್ತಾ ಅದ. ಸೆಪ್ಟೆಂಬರ್ ಬಿಸಲು, ಗಾಳಿ ತಣ್ಣಗ. ತಲಿಗೆ ಹತ್ತಿ ಸ್ಕಾರ್ಫ್ ಕಟ್ಟಿಕೊಂಡು, ಮ್ಯಾಲೆ ಶಾಲು ಹೊದ್ದು ಕೂತಿದ್ದೆ. ಅಕಿ ಗೇರು ಹಾಕೂದು, ತಿರುವಿನಾಗ ಎರಡೂ ಕೈ ಸ್ಟೇರಿಂಗ್ ಮ್ಯಾಲೆ ಇಡೂದು ನೋಡ್ಕೋತ ಕೂತೆ. ತಾಸಿಗೆ ನಲವತ್ತು ಮೈಲಿ ಮ್ಯಾಲೆ ಹೋಗ್ಲಿಲ್ಲ. ಒಂದು ತಿರುವು ದಾಟಿದ ಮ್ಯಾಲೆ ಅಕಿ ನಕ್ಕಳು. ನನ್ನ ಕಡೆ ನೋಡಿ ನಕ್ಕಿದ್ದಲ್ಲ, ರಸ್ತಾ ನೋಡಿ ನಕ್ಕಿದ್ದು. ಆ ನಗಿ ನಾ ಆ ಮನ್ಯಾಗ ಐದು ತಿಂಗಳು ಕೇಳಿರ್ಲಿಲ್ಲ.

ಅದಕ್ಕ ಹೇಳೂದು. ಮುಂದಿನ ಸಲ ಯಾರರೆ ಹುಡುಗಿ ತನ್ನ ದುಡಿಮಿ ರೊಕ್ಕದಾಗ ಏನರೆ ತಗೊಂಡ್ಳು ಅಂತ ಕೇಳಿದ್ರ, ಸೀಟು ಎಣಸಬ್ಯಾಡ್ರಿ. ಕೆಳಗ ಬಗ್ಗಿ ನೋಡಿದಿ ಏನವಾ, ರಸೀದಿ ಅವೇನು, ರಿಪೇರಿಗೆ ಒಂದಿಷ್ಟು ತಗದಿಟ್ಟಿ ಏನು ಅಂತ ಕೇಳ್ರಿ. ಇಷ್ಟು ಕೇಳಿದ್ರ ಅಕಿಗೆ ಉಪಯೋಗ ಆಗ್ತದ.

ಆ ಗಣಪತಿ ಮ್ಯಾಗ್ನೆಟ್ ನಾ ಬರೂ ಮುಂದ ನನ್ನ ಜೋಡಿ ತಂದೀನಿ. ಯಾರ ಮನ್ಯಾಗರೆ ಹಳೇ ಗಾಡಿ ನೋಡ್ಲಿಕ್ಕೆ ಹೊಂಟಿದ್ರ ಹೇಳ್ರಿ, ಕೊಡ್ತೀನಿ. ವಾಪಸ್ ಮಾತ್ರ ತಂದು ಕೊಡ್ಬೇಕು. ಮಸಾಲಿ ಖಾರ ಮುಂದಿನ ವಾರ ಖಾತ್ರಿ.